ರಿಕ್ರಿಯೇಷನ್ ಸೆಂಟರ್ ಕಟ್ಟಲು ಮಾರಾಟ ತೆರಿಗೆಯೋ, ಆಸ್ತಿ ತೆರಿಗೆಯೋ? ಅಮೆರಿಕದ ಕನ್ನಡಿಗರಿಗೆ ಒಂದು ಹೋಲಿಕೆ

ಅಮ್ಮ ಹೋದ ವರ್ಷ ಹಾಸನದಿಂದ ಬಂದು ಆರು ತಿಂಗಳು ನಮ್ಮೊಡನೆ ಇದ್ದರು. ಜುಲೈ ತಿಂಗಳ ಡಲ್ಲಾಸ್ ಬಿಸಿಲು ಬೆಳಗ್ಗೆ ಒಂಬತ್ತಕ್ಕೇ ಹೊರಗೆ ಕಾಲಿಡಲು ಬಿಡುವುದಿಲ್ಲ. ದಿನವೂ ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದ ಜೀವ, ಇಲ್ಲಿ ಸೋಫಾ ಮತ್ತು ಅಡುಗೆಮನೆಯ ನಡುವೆ ಓಡಾಡಿಕೊಂಡು ಮಂಕಾಯಿತು. ಕೊನೆಗೆ ನಗರದ ರಿಕ್ರಿಯೇಷನ್ ಸೆಂಟರಿಗೆ ಕರೆದುಕೊಂಡು ಹೋದೆ. ಮೇಲಿನ ಮಹಡಿಯಲ್ಲಿ ನಡೆಯುವ ಟ್ರ್ಯಾಕ್, ಕೆಳಗೆ ಮಕ್ಕಳ ಬಾಸ್ಕೆಟ್‌ಬಾಲ್. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸ ಶೂ ಹಾಕಿಕೊಂಡು ಹನ್ನೊಂದು ಸುತ್ತು ನಡೆದರು. ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಾ, “ಇದನ್ನು ಕಟ್ಟಿಸಿದವರು ಯಾರು? ಯಾವುದಾದರೂ ಮಠದವರೇ?” ಎಂದು ಕೇಳಿದರು.

“ಊರಿನವರೇ, ಅಮ್ಮ. ನೀನು ಹಾಕಿಕೊಂಡಿರುವ ಶೂನಿಂದಲೂ ಇಪ್ಪತ್ತು ಸೆಂಟ್ ಇಂಥದ್ದಕ್ಕೆ ಹೋಗಿದೆ” ಎಂದೆ. ಅವರು ನಂಬಲಿಲ್ಲ. ಮನೆಗೆ ಬಂದು ರಸೀದಿ ತೋರಿಸಿದೆ. ಶೂ ಬೆಲೆ 40 ಡಾಲರ್, ತೆರಿಗೆ 3 ಡಾಲರ್ 30 ಸೆಂಟ್. ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೋ, ಆಲೆನ್, ಮೆಕಿನಿಯಂಥ ಊರುಗಳಲ್ಲಿ ಈ 8.25 ಶೇಕಡಾ ಹೀಗೆ ಹಂಚಿಹೋಗುತ್ತದೆ: 6.25 ಟೆಕ್ಸಾಸ್ ರಾಜ್ಯಕ್ಕೆ, 1 ನಗರದ ಖಜಾನೆಗೆ, 0.5 ಉದ್ಯಮಗಳನ್ನು ಕರೆತರುವ ನಿಗಮಕ್ಕೆ, ಉಳಿದ 0.5 ಸಮುದಾಯ ಅಭಿವೃದ್ಧಿ ನಿಗಮಕ್ಕೆ. ಉದ್ಯಾನ, ಆಟದ ಮೈದಾನ, ಈಜುಕೊಳ, ರಿಕ್ರಿಯೇಷನ್ ಸೆಂಟರುಗಳಿಗೆ ದುಡ್ಡು ಕೊಡಬಲ್ಲದ್ದು ಈ ಕೊನೆಯ 0.5 ಶೇಕಡಾ, ಅಂದರೆ ಡಾಲರಿಗೆ ಅರ್ಧ ಸೆಂಟ್. ಕಾನೂನಿನ ಭಾಷೆಯಲ್ಲಿ ಇದಕ್ಕೆ ‘ಟೈಪ್ ಬಿ’ ತೆರಿಗೆ ಎಂದು ಹೆಸರು.

ಕರ್ನಾಟಕದಿಂದ ಬಂದವರಿಗೆ ಇದು ವಿಚಿತ್ರವೆನಿಸುವುದು ಸಹಜ. ನಮ್ಮಲ್ಲಿ ಊರಿನ ಪುರಸಭೆ ಅಂಗಡಿಯ ಬಿಲ್ಲಿನ ಮೇಲೆ ತೆರಿಗೆ ಹಾಕುವ ಪದ್ಧತಿಯಿಲ್ಲ. ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ 1979ರಲ್ಲಿ ಹೋಯಿತು. 2017ರಲ್ಲಿ ಜಿಎಸ್‌ಟಿ ಬಂದಮೇಲೆ ಉಳಿದದ್ದೂ ಅದರೊಳಗೆ ಸೇರಿಹೋಯಿತು. ಬೆಂಗಳೂರಿನ ಸುಂಕದಕಟ್ಟೆ ಈಗ ಬರೀ ಬಸ್ ನಿಲ್ದಾಣದ ಹೆಸರು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಊರಿನ ಮತದಾರರೇ ಸುಂಕ ಎಷ್ಟು, ಯಾತಕ್ಕೆ, ಎಷ್ಟು ವರ್ಷ ಎಂದು ತೀರ್ಮಾನಿಸುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇಲ್ಲಿ ಸ್ವಲ್ಪ ತಿರುಗುತ್ತದೆ, ಏಕೆಂದರೆ ಕೇಳಿಸಿಕೊಳ್ಳಲೇಬೇಕಾದ ಸುಂಕದವನು ಇಲ್ಲಿದ್ದಾನೆ. ಆದ್ದರಿಂದ ನಿಮ್ಮ ಊರಿನಲ್ಲಿ ಇಂಥ ಪ್ರಸ್ತಾವ ಮತಕ್ಕೆ ಬಂದಾಗ ಏನೇನು ತೂಗಿ ನೋಡಬೇಕು ಎಂಬುದನ್ನು ನಾನು ಓದಿ, ಸಭೆಗಳಲ್ಲಿ ಕೂತು ತಿಳಿದಷ್ಟು ಬರೆಯುತ್ತಿದ್ದೇನೆ.

ಮೊದಲು: ನಿಮ್ಮ ಊರಿಗೆ ಆ ಆಯ್ಕೆ ಇದೆಯೇ?

ಎಲ್ಲ ಕಡೆಯೂ ಇಲ್ಲ. ಆರೆಗಾನ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಬೀವರ್ಟನ್ ಸುತ್ತ ಇರುವ ನಮ್ಮವರು ಈಜು ಕಲಿಯಲು ಹೋಗುವ ಕೇಂದ್ರಗಳನ್ನು ಟ್ಯುವಾಲಟಿನ್ ಹಿಲ್ಸ್ ಎಂಬ ಪ್ರತ್ಯೇಕ ಉದ್ಯಾನ ಜಿಲ್ಲೆ (ಉದ್ಯಾನಗಳಿಗೆಂದೇ ಇರುವ ಸ್ಥಳೀಯ ಸಂಸ್ಥೆ) 1955ರಿಂದ ನಡೆಸುತ್ತಿದೆ. ಅದರ ಬೆನ್ನೆಲುಬು ಆಸ್ತಿ ತೆರಿಗೆ. ನ್ಯೂಜೆರ್ಸಿಯಲ್ಲಿ ಮಾರಾಟ ತೆರಿಗೆ 6.625 ಶೇಕಡಾ, ಅದು ರಾಜ್ಯದ್ದು. ಎಡಿಸನ್ ನಗರ ತನಗಾಗಿ ಅರ್ಧ ಸೆಂಟ್ ಸೇರಿಸಿಕೊಳ್ಳುವಂತಿಲ್ಲ.

ಟೆಕ್ಸಾಸಿನ ಕಥೆ ಇನ್ನೂ ಕುತೂಹಲದ್ದು. ಸ್ಥಳೀಯ ಪಾಲು ಎಲ್ಲ ಸೇರಿ ಎರಡು ಶೇಕಡಾ ದಾಟುವಂತಿಲ್ಲ. ಪ್ಲೇನೋ, ಇರ್ವಿಂಗ್, ರಿಚರ್ಡ್‌ಸನ್ ಊರುಗಳು ತಮ್ಮ ಎರಡನೆಯ ಸೆಂಟನ್ನು ಬಹಳ ಹಿಂದೆಯೇ ಡಾರ್ಟ್ ಸಾರಿಗೆ ಸಂಸ್ಥೆಗೆ ಕೊಟ್ಟವು. ಅದಕ್ಕೇ ಅಲ್ಲಿ ರೈಲಿದೆ. ಫ್ರಿಸ್ಕೋ ಕೊಡಲಿಲ್ಲ, ಅದಕ್ಕೇ ಅಲ್ಲಿ ರೈಲಿಲ್ಲ, ಅಭಿವೃದ್ಧಿ ನಿಗಮಗಳಿವೆ. ರಸ್ತೆಯ ಆಚೆ ಬದಿ ಒಂದು ಊರು, ಈಚೆ ಬದಿ ಇನ್ನೊಂದು. ಎರಡರ ಬಿಲ್ಲಿನಲ್ಲೂ 8.25 ಎಂದೇ ಇದ್ದರೂ ದುಡ್ಡು ಹೋಗುವ ದಾರಿ ಬೇರೆ. ಹಾಗಾಗಿ ‘ಪಕ್ಕದ ಊರಿನವರು ಮಾಡಿದ್ದಾರೆ, ನಾವೇಕೆ ಮಾಡಬಾರದು’ ಎಂದು ವಾದಿಸುವ ಮುನ್ನ ನಿಮ್ಮ ಊರಿನ ಎರಡು ಸೆಂಟ್ ಎಲ್ಲೆಲ್ಲಿ ಹೋಗುತ್ತಿದೆ ಎಂದು ನೋಡಿಕೊಳ್ಳಿ. ಅದು ತುಂಬಿದ್ದರೆ ಹೊಸದನ್ನು ಸೇರಿಸಲಾಗದು, ಇದ್ದದ್ದನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಕೊಡಬೇಕು.

ಡಾರ್ಟ್‌ಗೆ ಸೇರದ ಗ್ರ್ಯಾಂಡ್ ಪ್ರೇರಿ 2014ರ ನವೆಂಬರಿನಲ್ಲಿ ಕಾಲು ಸೆಂಟಿಗೆ ಮತದಾರರ ಒಪ್ಪಿಗೆ ಪಡೆಯಿತು. ಆ ದುಡ್ಡಿನ ‘ದಿ ಎಪಿಕ್’ ಎಂಬ ರಿಕ್ರಿಯೇಷನ್ ಸೆಂಟರ್ 2018ರಲ್ಲಿ ಬಾಗಿಲು ತೆರೆಯಿತು. ಒಮ್ಮೆ ಹೋಗಿ ನೋಡಿ. ಗ್ರಂಥಾಲಯ, ವ್ಯಾಯಾಮ, ಸಂಗೀತ ಎಲ್ಲವೂ ಒಂದೇ ಸೂರಿನಡಿ ಇರುವ ಇಂಥ ಕಟ್ಟಡವನ್ನು ಕಾಲು ಸೆಂಟ್ ಕಟ್ಟಬಲ್ಲದು ಎಂಬುದು ಕಣ್ಣಾರೆ ಕಂಡಾಗಲೇ ಮನಸ್ಸಿಗೆ ಇಳಿಯುವುದು.

ಒಂದೇ ಊರು, ಎರಡು ಮತ

ಮಾರಾಟ ತೆರಿಗೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಕೊಲರಾಡೋದ ಗ್ರ್ಯಾಂಡ್ ಜಂಕ್ಷನ್ ಊರಿನ ಮಾತು. ರಾಕಿ ಪರ್ವತಗಳ ಪಶ್ಚಿಮಕ್ಕೆ, ಯೂಟಾ ಗಡಿಯ ಹತ್ತಿರ ಇರುವ ನಗರ. ಅಲ್ಲಿ 2019ರ ಏಪ್ರಿಲಿನಲ್ಲಿ ರಿಕ್ರಿಯೇಷನ್ ಸೆಂಟರಿಗಾಗಿ 0.39 ಶೇಕಡಾ ಮಾರಾಟ ತೆರಿಗೆ ಕೇಳಿದರು. ಜನ ಬೇಡವೆಂದರು. ಅದೇ ಮತಪತ್ರದಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗೆ ಕೇಳಿದ ತೆರಿಗೆಗೆ ಹೂಂ ಎಂದರು. ಅಂದರೆ ಅವರು ತೆರಿಗೆ ಎಂದ ಕೂಡಲೇ ಸಿಡಿಯುವ ಜನರಲ್ಲ. ಯಾವುದು ಮೊದಲು ಎಂದು ತೂಗಿದರು.

ನಗರದವರು ಸುಮ್ಮನಾಗಲಿಲ್ಲ. 2023ರ ಏಪ್ರಿಲಿನಲ್ಲಿ ಮತ್ತೆ ಬಂದರು. ಈ ಸಲ ಕೇಳಿದ್ದು 0.14 ಶೇಕಡಾ ಮಾತ್ರ, ನೂರು ಡಾಲರ್ ಖರೀದಿಗೆ ಹದಿನಾಲ್ಕು ಸೆಂಟ್. ಉಳಿದದ್ದನ್ನು ಅಲ್ಲಿ ಕಾನೂನುಬದ್ಧವಾಗಿರುವ ಗಾಂಜಾ ಮಾರಾಟದ ತೆರಿಗೆಯಿಂದ ತುಂಬಿಸುವ ಲೆಕ್ಕ. ಮ್ಯಾಚೆಟ್ ಪಾರ್ಕಿನಲ್ಲಿ ಸುಮಾರು 7 ಕೋಟಿ ಡಾಲರಿನ ಕಟ್ಟಡ. ಜನ ಒಪ್ಪಿದರು.

ಇದರಿಂದ ನನಗೆ ಕಂಡದ್ದು ಎರಡು ಸಂಗತಿ. ಮೊದಲನೆಯದು, ಪ್ರಮಾಣ ಮುಖ್ಯ: ಕೇಳಿದ್ದು ಮೂರನೇ ಒಂದು ಭಾಗಕ್ಕೆ ಇಳಿದಾಗ ಹಳೆಯ ವಿರೋಧಿಗಳೂ ಮರುಯೋಚನೆ ಮಾಡುತ್ತಾರೆ. ಎರಡನೆಯದು, ಅಂಗಡಿಗೆ ಬರುವವರು ಯಾರು ಎಂಬ ಪ್ರಶ್ನೆ. ಸುತ್ತಲಿನ ಸಣ್ಣ ಊರುಗಳವರೆಲ್ಲ ಟೈರಿಗೂ ಟಿವಿಗೂ ಗ್ರ್ಯಾಂಡ್ ಜಂಕ್ಷನ್‌ಗೇ ಬರಬೇಕು. ತೆರಿಗೆಯ ಒಂದು ಪಾಲನ್ನು ಊರಿನ ಹೊರಗಿನವರು ಹೊರುತ್ತಾರೆ. ಸಂತೆ ಸೇರುವ ಊರಿಗೆ ಮಾರಾಟ ತೆರಿಗೆ ಒಗ್ಗುತ್ತದೆ. ಮನೆಗಳೇ ತುಂಬಿ ಅಂಗಡಿಗಳು ಕಡಿಮೆ ಇರುವ, ಜನ ಮಲಗಲಷ್ಟೇ ಬರುವ ಊರಿಗೆ ಒಗ್ಗುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 2018ರ ವೇಫೇರ್ ತೀರ್ಪಿನ ನಂತರ ಆನ್‌ಲೈನ್ ಖರೀದಿಯ ಮೇಲೂ ರಾಜ್ಯಗಳು ತೆರಿಗೆ ವಸೂಲಿ ಮಾಡುತ್ತಿರುವುದರಿಂದ ಈ ಅಂತರ ಸ್ವಲ್ಪ ಕಡಿಮೆಯಾಗಿದೆ, ಮುಚ್ಚಿಹೋಗಿಲ್ಲ.

ಕೊಲರಾಡೋದ ಇನ್ನೊಂದು ಪದ್ಧತಿ ನನಗೆ ಬಹಳ ಮೆಚ್ಚು. ರಾಜ್ಯದ ಸಂವಿಧಾನಕ್ಕೆ 1992ರಲ್ಲಿ ತಂದ ಟೇಬರ್ ಎಂಬ ತಿದ್ದುಪಡಿಯಿಂದಾಗಿ ಅಲ್ಲಿ ತೆರಿಗೆ ಏರಿಸುವ ಪ್ರಶ್ನೆ ಮತಪತ್ರದಲ್ಲಿ ‘ನಗರದ ತೆರಿಗೆ ವರ್ಷಕ್ಕೆ ಇಷ್ಟು ಡಾಲರ್ ಹೆಚ್ಚಬೇಕೇ’ ಎಂದೇ ದೊಡ್ಡ ಅಕ್ಷರದಲ್ಲಿ ಆರಂಭವಾಗಬೇಕು. ಈಜುಕೊಳದ ಚೆಲುವನ್ನು ಮೊದಲು ವರ್ಣಿಸಿ, ಬೆಲೆಯನ್ನು ಕೊನೆಯ ಸಾಲಿಗೆ ತಳ್ಳುವಂತಿಲ್ಲ.

ತೊಗರಿಬೇಳೆಯ ಮೇಲೆ ಬೀಳುತ್ತದೆಯೇ?

ಮಾರಾಟ ತೆರಿಗೆಯ ದೊಡ್ಡ ದೋಷ ಎಲ್ಲರಿಗೂ ಗೊತ್ತಿರುವುದೇ: ಕಡಿಮೆ ಸಂಬಳದವರು ಸಂಬಳವನ್ನೆಲ್ಲ ಖರ್ಚು ಮಾಡುತ್ತಾರೆ, ಆದ್ದರಿಂದ ಅವರ ಆದಾಯದ ಹೆಚ್ಚು ಪಾಲು ತೆರಿಗೆಗೆ ಹೋಗುತ್ತದೆ. ಆದರೆ ಈ ದೋಷ ಎಲ್ಲ ರಾಜ್ಯಗಳಲ್ಲೂ ಒಂದೇ ತೂಕದ್ದಲ್ಲ. ತೂಕವನ್ನು ತಿಳಿಯಬೇಕಾದರೆ ದಿನಸಿ ಅಂಗಡಿಯ ಬಿಲ್ಲನ್ನು ಕೈಯಲ್ಲಿ ಹಿಡಿಯಬೇಕು.

ಟೆಕ್ಸಾಸಿನಲ್ಲಿ ಸೋನಾಮಸೂರಿ ಚೀಲಕ್ಕೆ, ತೊಗರಿಬೇಳೆಗೆ, ಹಾಲಿಗೆ, ಕೊತ್ತಂಬರಿ ಸೊಪ್ಪಿಗೆ ತೆರಿಗೆಯಿಲ್ಲ. ಅದೇ ಬಿಲ್ಲಿನಲ್ಲಿ ಊದುಬತ್ತಿಗೆ, ಪಾತ್ರೆ ತೊಳೆಯುವ ಸೋಪಿಗೆ ಇದೆ. ಜಾರ್ಜಿಯಾದಲ್ಲಿ ದಿನಸಿಗೆ ರಾಜ್ಯದ 4 ಶೇಕಡಾ ಬಿಟ್ಟಿದ್ದಾರೆ, ಆದರೆ ಕೌಂಟಿಯ ಸ್ಥಳೀಯ ತೆರಿಗೆ ಅಕ್ಕಿ ಬೇಳೆಯ ಮೇಲೂ ಬೀಳುತ್ತದೆ. ಒಕ್ಲಹೋಮಾ 2024ರ ಆಗಸ್ಟ್ ಕೊನೆಯಲ್ಲಿ ದಿನಸಿಯ ಮೇಲಿನ ರಾಜ್ಯದ ತೆರಿಗೆ ತೆಗೆದುಹಾಕಿತು. ಊರಿನ ತೆರಿಗೆ ಉಳಿದುಕೊಂಡಿತು. ಕೊಲರಾಡೋದಲ್ಲಿ ಊರಿಂದೂರಿಗೆ ಬೇರೆ.

ಹಾಗಾಗಿ ಜಾರ್ಜಿಯಾದ ಆಲ್ಫರೆಟ್ಟಾ ಊರಿನ ಒಂದು ಕುಟುಂಬ ತಿಂಗಳಿಗೆ 800 ಡಾಲರ್ ದಿನಸಿ ತಂದರೆ, ಒಂದು ಸೆಂಟಿನ ಸ್ಥಳೀಯ ತೆರಿಗೆ ಅಷ್ಟರ ಮೇಲೆಯೇ ವರ್ಷಕ್ಕೆ 96 ಡಾಲರ್. ಟೆಕ್ಸಾಸಿನಲ್ಲಿ ಅದೇ ಕುಟುಂಬಕ್ಕೆ ಸೊನ್ನೆ. ಇಬ್ಬರು ಐಟಿ ಉದ್ಯೋಗಿಗಳಿರುವ ಮನೆಗೆ 96 ಡಾಲರ್ ಏನೂ ಅಲ್ಲ. ಅದೇ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೆ, ಅವಳೂ ಅದೇ ಅಕ್ಕಿ ಕೊಳ್ಳುವವಳು, ಅದು ಒಂದು ದಿನದ ದುಡಿಮೆ. ಈ ಕಾರಣಕ್ಕೆ ದಿನಸಿಯ ಮೇಲೆ ಬೀಳುವ ತೆರಿಗೆಗೆ ಒಪ್ಪಿಗೆ ಕೊಡುವ ಮುನ್ನ ನಾನು ಎರಡು ಸಲ ಯೋಚಿಸುತ್ತೇನೆ.

ಕೊನೆಯ ದಿನಾಂಕ ಇದೆಯೇ, ಸಾಲ ಎಷ್ಟು?

ಒಕ್ಲಹೋಮಾ ಸಿಟಿ ಈ ವಿಷಯದಲ್ಲಿ ಪಾಠಶಾಲೆ ಇದ್ದ ಹಾಗೆ. 1993ರ ಡಿಸೆಂಬರಿನಲ್ಲಿ ಅಲ್ಲಿಯ ಮತದಾರರು ‘ಮ್ಯಾಪ್ಸ್’ ಎಂಬ ಯೋಜನೆಗೆ ಒಂದು ಸೆಂಟ್ ತಾತ್ಕಾಲಿಕ ತೆರಿಗೆ ಒಪ್ಪಿದರು. ಬೇಸ್‌ಬಾಲ್ ಕ್ರೀಡಾಂಗಣ, ಕಾಲುವೆ, ಗ್ರಂಥಾಲಯ, ಒಳಾಂಗಣ ಅರೀನಾ ಬಂದವು. 2009ರಲ್ಲಿ ಮ್ಯಾಪ್ಸ್ 3: ಏಳು ವರ್ಷ ಒಂಬತ್ತು ತಿಂಗಳು, 77.7 ಕೋಟಿ ಡಾಲರ್ ಯೋಜನೆ. ಅದರಲ್ಲಿ ಹಿರಿಯರ ಆರೋಗ್ಯ ಮತ್ತು ವ್ಯಾಯಾಮ ಕೇಂದ್ರಗಳೂ ಇದ್ದವು. 2019ರಲ್ಲಿ ಮ್ಯಾಪ್ಸ್ 4: ಎಂಟು ವರ್ಷ, 97.8 ಕೋಟಿ, ಅದರಲ್ಲಿ 11 ಕೋಟಿ ಯುವಜನರ ಕೇಂದ್ರಗಳಿಗೆ. ಇಷ್ಟೆಲ್ಲದರಲ್ಲಿ ಅವರು ಪಾಲಿಸಿಕೊಂಡು ಬಂದ ನಿಯಮ ಒಂದು: ದುಡ್ಡು ಕೈಗೆ ಬಂದಂತೆ ಕಟ್ಟು, ಸಾಲ ಮಾಡಬೇಡ.

ಇದರಲ್ಲಿ ಬಡ್ಡಿ ಉಳಿಯುತ್ತದೆ, ಕಾಯುವುದು ಹೆಚ್ಚುತ್ತದೆ. 2009ರಲ್ಲಿ ಮತ ಹಾಕಿದ ಹಿರಿಯರು ಮೊದಲ ಕೇಂದ್ರದ ಬಾಗಿಲು ತೆರೆಯುವುದನ್ನು ನೋಡಿದ್ದು 2017ರಲ್ಲಿ. ಎಪ್ಪತ್ತು ದಾಟಿದವರಿಗೆ ಎಂಟು ವರ್ಷ ಸಣ್ಣದಲ್ಲ.

ಪಕ್ಕದ ನಾರ್ಮನ್ ಊರು 2015ರ ಅಕ್ಟೋಬರಿನಲ್ಲಿ ಹದಿನೈದು ವರ್ಷಗಳ ಅರ್ಧ ಶೇಕಡಾ ತೆರಿಗೆಗೆ ಒಪ್ಪಿತು. ಯೋಜನೆಯ ಹೆಸರು ನಾರ್ಮನ್ ಫಾರ್ವರ್ಡ್. ಅಲ್ಲಿ ನಗದೂ ಉಂಟು, ಸಾಲವೂ ಉಂಟು. ಗ್ರಂಥಾಲಯಗಳು, ವೆಸ್ಟ್‌ವುಡ್ ಈಜುಕೊಳ ಬೇಗ ಬಂದವು. ಒಳಾಂಗಣ ಆಟದ ಕೇಂದ್ರ ಮಾತ್ರ 2024ರವರೆಗೆ ಎಳೆಯಿತು. ಅದೇ ಊರಿನಲ್ಲಿ ಬೆಳೆದ ಬಾಸ್ಕೆಟ್‌ಬಾಲ್ ಆಟಗಾರ ಟ್ರೇ ಯಂಗ್ ಅವರ ಕುಟುಂಬದ ಪ್ರತಿಷ್ಠಾನ 40 ಲಕ್ಷ ಡಾಲರ್ ಕೊಟ್ಟಿತು. ಕಟ್ಟಡಕ್ಕೆ ಆ ಕುಟುಂಬದ ಹೆಸರು. ಅಮ್ಮ ಕೇಳಿದ ‘ಮಠದವರು’ ಅಮೆರಿಕದಲ್ಲೂ ಅಲ್ಲಲ್ಲಿ ಇದ್ದಾರೆ. ಆದರೆ ಮುಖ್ಯ ಭಾರ ಹೊತ್ತದ್ದು ಅರ್ಧ ಸೆಂಟೇ.

‘ತಾತ್ಕಾಲಿಕ’ ಎಂಬ ಮಾತನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಒಕ್ಲಹೋಮಾ ಸಿಟಿಯ ಆ ಸೆಂಟ್ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಮತ ಪಡೆದು ಇವತ್ತಿಗೂ ಬಿಲ್ಲಿನಲ್ಲಿದೆ. ಕೆಲವರು ಇದನ್ನು ಮೋಸ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರತಿ ಹೊಸ ಪಟ್ಟಿಗೂ ಜನರ ಮುಂದೆ ಬಂದು ಹೊಸದಾಗಿ ಮತ ಕೇಳಬೇಕು ಎನ್ನುವುದು ಆಡಳಿತಕ್ಕೆ ಹಾಕಿದ ಒಳ್ಳೆಯ ಕಡಿವಾಣ.

ಆಸ್ತಿ ತೆರಿಗೆ ಮತ್ತು ಬಾಂಡ್

ಇನ್ನೊಂದು ದೊಡ್ಡ ದಾರಿ, ನಗರವು ಬಾಂಡ್ ಮೂಲಕ ಸಾಲ ತೆಗೆದು, ಇಪ್ಪತ್ತು ಇಪ್ಪತ್ತೈದು ವರ್ಷ ಆಸ್ತಿ ತೆರಿಗೆಯಿಂದ ಅಸಲು ಬಡ್ಡಿ ತೀರಿಸುವುದು. ಕಟ್ಟಡ ಬೇಗ ಬರುತ್ತದೆ. ಆದಾಯ ಸ್ಥಿರ, ಆರ್ಥಿಕ ಹಿಂಜರಿತದಲ್ಲಿ ಜನ ಸೋಫಾ ಕೊಳ್ಳುವುದನ್ನು ನಿಲ್ಲಿಸಬಹುದು, ಮನೆಯ ತೆರಿಗೆ ನಿಲ್ಲಿಸಲಾಗದು. ಸಾಲ ಕೊಡುವವರಿಗೂ ಇದರ ಮೇಲೆ ನಂಬಿಕೆ ಹೆಚ್ಚು.

ಒಂದು ಲೆಕ್ಕ ಹಾಕಿ ನೋಡೋಣ. ಐದು ಲಕ್ಷ ಡಾಲರ್ ಮೌಲ್ಯದ ಮನೆಗೆ ನೂರು ಡಾಲರಿಗೆ ಮೂರು ಸೆಂಟ್ ಹೆಚ್ಚಾದರೆ ವರ್ಷಕ್ಕೆ 150 ಡಾಲರ್. ತಿಂಗಳಿಗೆ 2,000 ಡಾಲರ್ ತೆರಿಗೆ ಬೀಳುವ ಸಾಮಾನು ಕೊಳ್ಳುವ ಕುಟುಂಬಕ್ಕೆ ಅರ್ಧ ಸೆಂಟಿನಿಂದ ವರ್ಷಕ್ಕೆ 120. ಹೆಚ್ಚುಕಡಿಮೆ ಒಂದೇ. ಆದರೂ ಆಸ್ತಿ ತೆರಿಗೆ ಹೆಚ್ಚು ಚುಚ್ಚುತ್ತದೆ, ಏಕೆಂದರೆ ಅದು ವರ್ಷಕ್ಕೊಮ್ಮೆ ಒಟ್ಟಾಗಿ, ಲಕೋಟೆಯಲ್ಲಿ ಬರುತ್ತದೆ. ಮಾರಾಟ ತೆರಿಗೆ ಸಾಸಿವೆ ಕಾಳಿನಷ್ಟು ಸಾಸಿವೆ ಕಾಳಿನಷ್ಟು ಹೋಗುತ್ತದೆ. ಮತ ಹಾಕುವಾಗ ಚುಚ್ಚುವ ನೋವನ್ನಲ್ಲ, ವರ್ಷದ ಮೊತ್ತವನ್ನು ಹೋಲಿಸಿ. ಬಾಡಿಗೆಗಿರುವವರು ‘ನಮಗೇನು, ಮನೆ ನಮ್ಮದಲ್ಲ’ ಎಂದುಕೊಳ್ಳುವುದೂ ತಪ್ಪು. ಮಾಲೀಕ ಕಟ್ಟಿದ ತೆರಿಗೆ ಮುಂದಿನ ವರ್ಷದ ಬಾಡಿಗೆಯಲ್ಲಿ ಬಂದು ಕೂರುತ್ತದೆ.

ಎರಡನ್ನೂ ಬಳಸಿದ ಊರುಗಳಿವೆ. ಅಟ್ಲಾಂಟಾದ ಉತ್ತರದ ಫೋರ್ಸೈತ್ ಕೌಂಟಿ 2008ರಲ್ಲಿ ಉದ್ಯಾನಗಳಿಗೆ 10 ಕೋಟಿ ಡಾಲರ್ ಬಾಂಡಿಗೆ ಮತ ಹಾಕಿತು. ಅದರ ಜೊತೆಗೆ ‘ಸ್ಪ್ಲಾಸ್ಟ್’ ಎಂಬ ಒಂದು ಶೇಕಡಾ ಮಾರಾಟ ತೆರಿಗೆಯನ್ನೂ ಸುತ್ತು ಸುತ್ತಾಗಿ ಮುಂದುವರಿಸುತ್ತ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕಕ್ಕಿಂತ ಮತದ ಮಿತಿ ಮುಖ್ಯ. ಇದಕ್ಕೇ ಎಂದು ಮೀಸಲಿಟ್ಟ ತೆರಿಗೆಯನ್ನು ನಗರಸಭೆ ಮತಕ್ಕೆ ಹಾಕಿದರೆ ಮೂರನೇ ಎರಡು ಭಾಗ ಮತ ಬೇಕು. ಸಾಮಾನ್ಯ ಖಜಾನೆಗೆ ಎಂದರೆ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಹಾಗಾಗಿ ‘ಸಾಮಾನ್ಯ’ ಎಂದು ಬರೆದು, ಭಾಷಣದಲ್ಲಿ ಈಜುಕೊಳದ ಚಿತ್ರ ತೋರಿಸಿದರೆ ಎಚ್ಚರ. ಆ ದುಡ್ಡು ಈಜುಕೊಳಕ್ಕೇ ಹೋಗಬೇಕೆಂಬ ಕಟ್ಟುಪಾಡು ಕಾಗದದಲ್ಲಿರುವುದಿಲ್ಲ.

ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯ ದಾರಿಯೂ ಇದೆ. ಆಸ್ಟಿನ್ ಪಕ್ಕದ ರೌಂಡ್ ರಾಕ್ ತನ್ನ ಒಳಾಂಗಣ ಕ್ರೀಡಾ ಕೇಂದ್ರವನ್ನು ಆ ತೆರಿಗೆಯ ನೆರವಿನಿಂದ ಕಟ್ಟಿ 2014ರಲ್ಲಿ ತೆರೆಯಿತು. ಹೊರಗಿನ ತಂಡಗಳನ್ನು ಕರೆಸಿ ಪಂದ್ಯಾವಳಿ ನಡೆಸುವ ಕಟ್ಟಡಕ್ಕೆ ಇದು ಸರಿ, ಅಜ್ಜಿ ನಡೆಯುವ ಟ್ರ್ಯಾಕಿಗೆ ಅಲ್ಲ.

ಬಾಗಿಲು ತೆರೆದ ಮೇಲಿನ ಖರ್ಚು

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಕಟ್ಟುವುದು ಒಮ್ಮೆ, ನಡೆಸುವುದು ಪ್ರತಿದಿನ. ಲೈಫ್‌ಗಾರ್ಡ್‌ಗಳ ಸಂಬಳ, ಕೊಳದ ಕ್ಲೋರಿನ್, ಟೆಕ್ಸಾಸ್ ಬೇಸಿಗೆಯಲ್ಲಿ ಏಸಿಯ ಕರೆಂಟ್ ಬಿಲ್ಲು, ಹತ್ತು ವರ್ಷಕ್ಕೆ ಸವೆಯುವ ಮರದ ನೆಲ. ಮದುವೆಗೆ ದುಡ್ಡು ಕೂಡಿಸಿ ಸಂಸಾರಕ್ಕೆ ದುಡ್ಡಿಲ್ಲದಂತಾದರೆ ಕಟ್ಟಡದ ಅರ್ಧ ದೀಪ ಆರುತ್ತದೆ, ಭಾನುವಾರ ಬಾಗಿಲು ಮುಚ್ಚುತ್ತದೆ, ಸದಸ್ಯತ್ವದ ಶುಲ್ಕ ಏರುತ್ತದೆ.

ಇಲ್ಲಿಯೇ ತೆರಿಗೆಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು. ಜಾರ್ಜಿಯಾದ ಸ್ಪ್ಲಾಸ್ಟ್ ದುಡ್ಡಿನಲ್ಲಿ ಕಟ್ಟಬಹುದು, ಸಿಬ್ಬಂದಿಗೆ ಸಂಬಳ ಕೊಡುವಂತಿಲ್ಲ. ಬಾಂಡ್ ದುಡ್ಡೂ ಹಾಗೆಯೇ. ಟೆಕ್ಸಾಸಿನ ಟೈಪ್ ಬಿ ದುಡ್ಡನ್ನು ತಾನು ಕಟ್ಟಿದ ಕೇಂದ್ರದ ನಿರ್ವಹಣೆಗೂ ಬಳಸಬಹುದು. ಅದು ದೊಡ್ಡ ಅನುಕೂಲ. ಇಲ್ಲದಿದ್ದರೆ ನಿರ್ವಹಣೆಯ ಭಾರ ನಗರದ ಸಾಮಾನ್ಯ ಆಯವ್ಯಯದ ಮೇಲೆ ಬೀಳುತ್ತದೆ, ಮತ್ತು ಟೆಕ್ಸಾಸಿನಲ್ಲಿ 2019ರ ಕಾನೂನಿನ ಪ್ರಕಾರ ನಗರಗಳು ನಿರ್ವಹಣೆಗೆ ಎತ್ತುವ ಆಸ್ತಿ ತೆರಿಗೆಯ ಆದಾಯವನ್ನು ಮತದಾರರನ್ನು ಕೇಳದೆ ವರ್ಷಕ್ಕೆ 3.5 ಶೇಕಡಾಕ್ಕಿಂತ ಹೆಚ್ಚಿಸಿಕೊಳ್ಳುವಂತಿಲ್ಲ. ಪೊಲೀಸ್, ಅಗ್ನಿಶಾಮಕ, ರಸ್ತೆ ಎಲ್ಲವೂ ಅದೇ ಮಡಕೆಯಿಂದ ಉಣ್ಣಬೇಕು.

ಶುಲ್ಕದಿಂದಲೇ ಎಲ್ಲ ನಡೆಯಲಿ ಎನ್ನುವವರಿದ್ದಾರೆ. ಬಳಸುವವನೇ ಕೊಡಲಿ ಎಂಬ ಮಾತು ಕೇಳಲು ನ್ಯಾಯವಾಗಿದೆ. ಆದರೆ ಪೂರ್ತಿ ಖರ್ಚು ಶುಲ್ಕದಿಂದ ಬರಬೇಕೆಂದರೆ ಅದು ಖಾಸಗಿ ಜಿಮ್ ಆಗಿಬಿಡುತ್ತದೆ. ಟ್ರ್ಯಾಕಿನ ಮೇಲೆ ಅಮ್ಮನ ಜೊತೆ ನಡೆಯುತ್ತಿದ್ದ ಮೆಕ್ಸಿಕೋ ಮೂಲದ ಅಜ್ಜಿ, ಭಾಷೆ ಬಾರದೆಯೂ ಇಬ್ಬರೂ ದಿನಾ ನಮಸ್ಕಾರ ವಿನಿಮಯ ಮಾಡಿಕೊಳ್ಳುತ್ತಿದ್ದರು, ಆಗ ಅಲ್ಲಿ ಇರುತ್ತಿರಲಿಲ್ಲ.

ನಾನು ಯಾವುದಕ್ಕೆ ಮತ ಹಾಕುತ್ತೇನೆ

ನನ್ನ ಊರು ಅಂಗಡಿ ಮಾಲ್‌ಗಳಿರುವ ಊರಾಗಿದ್ದು, ದಿನಸಿಗೆ ತೆರಿಗೆಯಿಲ್ಲದಿದ್ದು, ಪ್ರಸ್ತಾವದಲ್ಲಿ ಕೊನೆಯ ದಿನಾಂಕವೂ ನಿರ್ವಹಣೆಯ ಪಾಲೂ ಬರೆದಿದ್ದರೆ ಮಾರಾಟ ತೆರಿಗೆಗೆ ಹೂಂ. ಬರೀ ಮನೆಗಳಿರುವ ಊರಾದರೆ, ಅಥವಾ ತೆರಿಗೆ ಅಕ್ಕಿಬೇಳೆಯ ಮೇಲೆ ಬೀಳುವುದಾದರೆ ಬಾಂಡ್ ಮತ್ತು ಆಸ್ತಿ ತೆರಿಗೆ ಮೇಲು. ಭಾರ ಮನೆಯ ಮೌಲ್ಯಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ನಿರ್ವಹಣೆಯ ಲೆಕ್ಕವೇ ಇಲ್ಲದ ಪ್ರಸ್ತಾವಕ್ಕೆ, ಚಿತ್ರ ಎಷ್ಟೇ ಚೆನ್ನಾಗಿರಲಿ, ಈ ಸಲ ಬೇಡ, ಸರಿಪಡಿಸಿಕೊಂಡು ಬನ್ನಿ ಎನ್ನುತ್ತೇನೆ. ಗ್ರ್ಯಾಂಡ್ ಜಂಕ್ಷನ್ ಜನ ಹಾಗೆ ಹೇಳಿ ಕಳೆದುಕೊಂಡದ್ದೇನೂ ಇಲ್ಲ.

ಗ್ರೀನ್ ಕಾರ್ಡ್ ಅಥವಾ ಎಚ್‌-1ಬಿ ಮೇಲಿರುವ ನಮ್ಮಲ್ಲಿ ಬಹಳ ಜನ ಈ ತೆರಿಗೆಯನ್ನು ದಿನವೂ ಕೊಡುತ್ತಾರೆ, ಮತ ಹಾಕಲಾರರು. ಆದರೆ ನಗರಸಭೆಯ ಸಾರ್ವಜನಿಕ ಅಹವಾಲಿನಲ್ಲಿ ಮಾತನಾಡಲು ಪೌರತ್ವ ಕೇಳುವುದಿಲ್ಲ. ಹೆಸರು ಬರೆಸಿದರೆ ಎರಡು ಮೂರು ನಿಮಿಷ ಸಿಗುತ್ತದೆ. ನಾನು ಹೋದ ಸಲ ಅಷ್ಟರಲ್ಲಿ ಕೇಳಿದ್ದು ಮೂರೇ ಪ್ರಶ್ನೆ: ತೆರಿಗೆ ನಿಲ್ಲುವ ವರ್ಷ ಯಾವುದು, ಆ ಮುಂದಿನ ವರ್ಷ ಲೈಫ್‌ಗಾರ್ಡ್‌ಗೆ ಸಂಬಳ ಎಲ್ಲಿಂದ, ಮತ್ತು ನಡೆಯುವ ಟ್ರ್ಯಾಕ್ ಊರಿನ ಹಿರಿಯರಿಗೂ ಮಕ್ಕಳನ್ನು ನೋಡಲು ಬಂದ ತಂದೆ ತಾಯಂದಿರಿಗೂ ಉಚಿತವೇ. ಮೊದಲೆರಡಕ್ಕೆ ಹಣಕಾಸು ಅಧಿಕಾರಿ ಅಲ್ಲಿಯೇ ಉತ್ತರಿಸಿದರು. ಮೂರನೆಯದನ್ನು ಬರೆದುಕೊಂಡರು.